ಬಟ್ಟೆಯದೋ, ಲ್ಯಾಟೆಕ್ಸೋ, ಚೆಂಡೋ: ಗುಂಡನ ಪೀಪಿ ಗೊಂಬೆಗಳು

ಬೀಗಲ್ ಜಾತಿಯ ನಾಯಿಗೆ ಊಟಕ್ಕಿಂತ ದೊಡ್ಡದು ಯಾವುದೂ ಇಲ್ಲ ಅನ್ನುತ್ತಾರೆ. ನಮ್ಮ ಗುಂಡ ಮಾತ್ರ ಬಾಯಲ್ಲಿ, ಒತ್ತಿದರೆ ಸದ್ದು ಮಾಡುವ ಪೀಪಿ ಗೊಂಬೆ ಇದ್ದರೆ ತಟ್ಟೆಯ ಕಡೆ ತಿರುಗಿಯೂ ನೋಡುವುದಿಲ್ಲ. ಇಂಥ ನಾಯಿ ಸಾಕಿರುವವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಬಾಳಿಕೆ ಬರುತ್ತಾ?’ ಅಂತ. ನಾನು ಕೇಳುವುದು ಎರಡು: ಕಿತ್ತುಹೋದರೆ ಒಳಗಿನ ಪೀಪಿ ಎಲ್ಲಿಗೆ ಹೋಗುತ್ತದೆ? ಆಟ ಮುಗಿದ ಮೇಲೆ ನಾಯಿ ತಣ್ಣಗಾಗುತ್ತದಾ?

ಗುಂಡನಿಗೆ ಪ್ರಾಣ ಅಂದರೆ ಬಟ್ಟೆ ಗೊಂಬೆ. ಬಾಯಿಗೆ ಸಿಕ್ಕ ತಕ್ಷಣ ಕತ್ತು ಹಿಡಿದು ಎಡಕ್ಕೂ ಬಲಕ್ಕೂ ಝಾಡಿಸುತ್ತಾನೆ. ಬೇಟೆ ನಾಯಿ ಇಲಿ, ಮೊಲ ಹಿಡಿದಾಗ ಮಾಡುವುದೂ ಇದನ್ನೇ. ಕೀಚ್ ಅನ್ನುವ ಸದ್ದು ಆ ಹುಟ್ಟುಗುಣವನ್ನು ಕೆರಳಿಸುತ್ತದೆ. ಆಮೇಲೆ ಮುಂಗಾಲಲ್ಲಿ ಅದುಮಿಟ್ಟುಕೊಂಡು, ಮುಂದಿನ ಪುಟ್ಟ ಹಲ್ಲುಗಳಿಂದ ಹೊಲಿಗೆಯ ಒಂದೇ ಒಂದು ದಾರವನ್ನು ಹುಡುಕಿ ಎಳೆಯುತ್ತಾನೆ. ಸೀಳು ಬಿಟ್ಟಿತೋ, ಹತ್ತಿ ಹಾಲ್ ತುಂಬಾ. ಕೊನೆಗೆ ಅಡಿಕೆ ಗಾತ್ರದ ಬಿಳಿ ಪ್ಲಾಸ್ಟಿಕ್ ಗುಳ್ಳೆ ಹೊರಬರುತ್ತದೆ. ಅದರ ಬಾಯಲ್ಲಿ ತೆಳ್ಳನೆಯ ಪಟ್ಟಿಯೊಂದಿದೆ. ಗಾಳಿ ನುಗ್ಗಿದಾಗ ಅದು ಅದುರಿದ್ದೇ ನಾವು ಕೇಳುವ ಸದ್ದು. ಅಪಾಯ ಇರುವುದೂ ಆ ಗುಳ್ಳೆಯಲ್ಲೇ. ನುಂಗಿದರೆ ಕರುಳಲ್ಲಿ ಅಡ್ಡ ಸಿಕ್ಕಿಕೊಳ್ಳಬಹುದು. ಪ್ಲಾಸ್ಟಿಕ್, ಬಟ್ಟೆ ಎಷ್ಟೋ ಸಲ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ, ಸ್ಕ್ಯಾನಿಂಗ್ ಬೇಕಾಗುತ್ತದೆ. ಮೇಲಿಂದ ಮೇಲೆ ವಾಂತಿ, ಊಟ ಬೇಡ, ಕಕ್ಕ ಇಲ್ಲ ಅಂದರೆ ಅವತ್ತೇ ಡಾಕ್ಟರ ಹತ್ತಿರ ಓಡಬೇಕು. ಹಾಗಂತ ಬಟ್ಟೆ ಗೊಂಬೆಯನ್ನು ಪೂರ್ತಿ ನಿಲ್ಲಿಸಲು ನನಗೆ ಮನಸ್ಸಿಲ್ಲ. ಅಷ್ಟು ಸಂತೋಷ ಅವನಿಗೆ ಬೇರೆ ಯಾವುದರಲ್ಲೂ ಇಲ್ಲ. ನಾನು ಎದುರಿಗೆ ಕೂತಿದ್ದಾಗ ಮಾತ್ರ ಕೊಡುತ್ತೇನೆ. ಹೊಲಿಗೆ ಬಿಡುತ್ತಿದ್ದಂತೆ ಗುಳ್ಳೆ ನನ್ನ ಕೈಗೆ.

ಲ್ಯಾಟೆಕ್ಸ್, ಅಂದರೆ ಮೆತ್ತನೆಯ ರಬ್ಬರಿನ ಗೊಂಬೆಯಲ್ಲಿ ಎಳೆಯಲು ಹೊಲಿಗೆಯೇ ಇಲ್ಲ. ಮೈ ಮೆತ್ತಗೆ, ಸದ್ದು ಕೀಚ್ ಅನ್ನುವುದಕ್ಕಿಂತ ಗೊರ್ ಅನ್ನುವ ಹಾಗೆ. ನನಗೆ ಮುಖ್ಯ ಅನ್ನಿಸಿದ್ದು ಗುಂಡ ಅದನ್ನು ಆಡುವ ರೀತಿ: ಮಲಗಿಕೊಂಡು, ಕಣ್ಣು ಅರ್ಧ ಮುಚ್ಚಿ, ಒಂದೊಂದೇ ಸಲ ಒತ್ತುತ್ತಾನೆ. ಬಟ್ಟೆ ಗೊಂಬೆಯ ಆವೇಶ ಇಲ್ಲಿಲ್ಲ. ನೀರಲ್ಲಿ ತೊಳೆದರೆ ಜೊಲ್ಲು ಹೋಗುತ್ತದೆ. ದವಡೆ ಹಲ್ಲಿಗೆ ಸಿಕ್ಕರೆ ಹರಿಯುತ್ತದೆ ನಿಜ. ತೂತು ಕಂಡ ದಿನವೇ ಕಸಕ್ಕೆ. ಮನೆಯೊಳಗಿನ ಆಟಕ್ಕೆ ನನ್ನ ಮೊದಲ ಆಯ್ಕೆ ಇದೇ.

ಜಾತ್ರೆಯಲ್ಲಿ ಮಕ್ಕಳಿಗೆ ಮಾರುವ ಪ್ಲಾಸ್ಟಿಕ್ ಗೊಂಬೆ ಬೇಡವೇ ಬೇಡ. ತಳದ ತೂತಿಗೆ ಸಿಕ್ಕಿಸಿದ ಪೀಪಿ ಒಂದೇ ಕಡಿತಕ್ಕೆ ಬಾಯೊಳಗೆ ಬೀಳುತ್ತದೆ.

ಹೊರಗೆ ಆಡಿಸಲು ಸದ್ದು ಮಾಡುವ ಚೆಂಡಿಗೆ ಸಾಟಿ ಇಲ್ಲ. ಕಬ್ಬನ್ ಪಾರ್ಕಿನ ನಾಯಿಗಳ ಆವರಣದಲ್ಲಿ ಒಂದು ಸಲ ಒತ್ತಿದರೆ ಸಾಕು, ಗುಂಡ ಎಲ್ಲಿದ್ದರೂ ಬರುತ್ತಾನೆ. ಟೆನಿಸ್ ಚೆಂಡಿನ ನಮೂನೆಯದಕ್ಕಿಂತ ಬರೀ ರಬ್ಬರಿನದು ಮೇಲು. ಟೆನಿಸ್ ಚೆಂಡಿನ ಮೇಲಿನ ನೂಲಿಗೆ ಮಣ್ಣು, ಮರಳು ಅಂಟಿಕೊಂಡು, ಅಗಿದಷ್ಟೂ ಹಲ್ಲು ಸವೆಯುತ್ತದೆ. ಬಣ್ಣ ನೀಲಿ ಇರಲಿ: ನಾಯಿಯ ಕಣ್ಣಿಗೆ ಕೆಂಪು, ಹಸಿರಿನ ವ್ಯತ್ಯಾಸ ಸರಿಯಾಗಿ ಗೊತ್ತಾಗುವುದಿಲ್ಲ, ಹುಲ್ಲಿನಲ್ಲಿ ಕೆಂಪು ಚೆಂಡು ಕಳೆದೇ ಹೋಗುತ್ತದೆ. ಗಂಟಲಿಗೆ ಜಾರದಷ್ಟು ದೊಡ್ಡದಿರಬೇಕು.

ಮನುಷ್ಯರಿಗೆ ಕೇಳಿಸದ ಪೀಪಿ ಇರುವ ಗೊಂಬೆಯನ್ನೂ ತಂದೆ, ಕೆಳಗಿನ ಮನೆಯಲ್ಲಿ ಹಸುಗೂಸು ಇದೆ ಅಂತ. ನಮ್ಮ ಕಿವಿಯ ಮಿತಿ ಸುಮಾರು 20,000 ಹರ್ಟ್ಜ್, ನಾಯಿಯದು 45,000ದ ಹತ್ತಿರ. ಗುಂಡ ಕಿವಿ ನಿಮಿರಿಸಿದ, ಸ್ವಲ್ಪ ಹೊತ್ತು ಆಡಿದ, ಬಿಟ್ಟ. ಪೀಪಿ ಕೆಟ್ಟಿದೆಯೋ ಇಲ್ಲವೋ ಅಂತ ನಮಗೆ ತಿಳಿಯುವುದೂ ಇಲ್ಲ. ನೆರೆಯವರ ನಿದ್ದೆಗೆ ಲ್ಯಾಟೆಕ್ಸ್‌ನ ಗೊರ್ ಸದ್ದೇ ವಾಸಿ.

ಯಾವ ಗೊಂಬೆಯೇ ಇರಲಿ, ದಿನವಿಡೀ ನೆಲದ ಮೇಲೆ ಬಿಟ್ಟಿರಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 2025ರಲ್ಲಿ ಸೈಂಟಿಫಿಕ್ ರಿಪೋರ್ಟ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಆಟಿಕೆಯ ಹುಚ್ಚಿದ್ದ 105 ನಾಯಿಗಳನ್ನು ಪರೀಕ್ಷಿಸಿದಾಗ 33ರಲ್ಲಿ ಚಟದಂಥ ಲಕ್ಷಣಗಳು ಕಂಡವು: ಗೊಂಬೆ ಎತ್ತಿಟ್ಟ ಮೇಲೂ ಅದರದೇ ಧ್ಯಾನ, ಊಟವನ್ನೂ ಯಜಮಾನನನ್ನೂ ಲೆಕ್ಕಿಸದಿರುವುದು. ಅದನ್ನು ಓದುವಾಗ ನನ್ನ ಕಣ್ಣ ಮುಂದೆ ಇದ್ದವನು ಗುಂಡ, ಗೊಂಬೆ ಎತ್ತಿಟ್ಟ ಬೀರುವಿನ ಬಾಗಿಲನ್ನೇ ದಿಟ್ಟಿಸುತ್ತಾ.

ಈಗ ಗೊಂಬೆಗಳು ಆಟದ ಹೊತ್ತಿಗೆ ಮಾತ್ರ ಹೊರಬರುತ್ತವೆ. ವಾಪಸ್ ತೆಗೆದುಕೊಳ್ಳುವಾಗ ಬಾಯಿಂದ ಕಿತ್ತುಕೊಳ್ಳುವುದಿಲ್ಲ. ಕಿತ್ತುಕೊಂಡರೆ ನಾಯಿ ಕಾವಲು ಕಾಯಲು, ಗುರ್ ಅನ್ನಲು ಕಲಿಯುತ್ತದೆ. ‘ಬಿಡು ಮರಿ’ ಅಂತ ಹೇಳಿ ಮೂಗಿನ ಹತ್ತಿರ ಚಿಟಿಕೆಯಷ್ಟು ಬೇಯಿಸಿದ ಕೋಳಿ ಹಿಡಿಯುತ್ತೇನೆ. ಬಿಟ್ಟ ಮೇಲೆ ಒಂದು ಸಲ ಗೊಂಬೆಯನ್ನು ಮತ್ತೆ ಅವನಿಗೇ ಕೊಡುತ್ತೇನೆ, ಬಿಟ್ಟರೆ ಕಳೆದುಕೊಳ್ಳುವುದಿಲ್ಲ ಅನ್ನುವ ನಂಬಿಕೆ ಬರಲಿ ಅಂತ. ಎರಡನೇ ಸಲ ಬಿಟ್ಟಾಗ ಗೊಂಬೆ ಬೀರುವಿಗೆ, ಗುಂಡ ನನ್ನ ಜೊತೆ ವಾಕಿಂಗಿಗೆ.