ಏಳು ಸಾವಿರ ಪೋಕೆಮಾನ್ ಕಾರ್ಡು, ಐದು ಮಳೆಗಾಲ: ರಬ್ಬರ್ ಅಂಚಿನ ಡಬ್ಬಿಗಳ ಅನುಭವ

ಮಂಗಳೂರಿನಲ್ಲಿ ಆಟಿ ತಿಂಗಳು ಬಂತೆಂದರೆ ಉಪ್ಪಿನ ಭರಣಿ ನೀರೊಡೆಯುತ್ತದೆ, ಚಪ್ಪಲಿಗೆ ಬೂಸ್ಟು ಹಿಡಿಯುತ್ತದೆ. ಅಂಥ ಊರಿನಲ್ಲಿ ನಾನು ಮತ್ತು ಮಗಳು ಸೇರಿ ಏಳು ಸಾವಿರದಷ್ಟು ಪೋಕೆಮಾನ್ ಕಾರ್ಡು, ಅಂದರೆ ಕಾರ್ಟೂನ್ ಪ್ರಾಣಿಗಳ ಚಿತ್ರವಿರುವ ಆಟದ ಕಾರ್ಡು, ಕೂಡಿಸಿದ್ದೇವೆ. ಐದು ವರ್ಷಗಳಿಂದ ಅವನ್ನು ಮುಚ್ಚಳದಂಚಿಗೆ ರಬ್ಬರ್ ಪಟ್ಟಿ ಇರುವ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಇಡುತ್ತಿದ್ದೇನೆ. ಹತ್ತು ಲೀಟರಿನ ನಾಲ್ಕು ಡಬ್ಬಿ. ಕರಾವಳಿಯಲ್ಲಿ ಕಾರ್ಡು ಕೂಡಿಸುವವರಿಗೆ ಇದು ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ಕಬ್ಬಿಣದ ಕಪಾಟಿನಲ್ಲಿ ಇಟ್ಟಿದ್ದೆ. ಕಪಾಟಿಗೆ ಬೀಗ ಇದೆ, ಮತ್ತೇನು ಬೇಕು ಅಂದುಕೊಂಡಿದ್ದೆ. ಆಗಸ್ಟ್ ಕೊನೆಯಲ್ಲಿ ತೆಗೆದು ನೋಡಿದರೆ ಹೊಳಪಿನ ಕಾರ್ಡುಗಳೆಲ್ಲ ಬಿಲ್ಲಿನ ಹಾಗೆ ಬಾಗಿದ್ದವು. ಹೊಳಪಿನ ಪದರ ನೀರು ಕುಡಿಯುವುದಿಲ್ಲ, ಅದರ ಹಿಂದಿನ ಕಾಗದ ಕುಡಿದು ಹಿಗ್ಗುತ್ತದೆ. ಬಾಗುವುದು ಅದಕ್ಕೇ. ರಟ್ಟಿನ ಪೆಟ್ಟಿಗೆಯ ತಳದಲ್ಲಿ ಬೂಸ್ಟು ಬಂದಿತ್ತು. ಅಂಗಡಿಯಲ್ಲಿ ಕೊಂಡಿದ್ದ ಅಗ್ಗದ ಆಲ್ಬಮ್ಮಿನ ಪಿವಿಸಿ ಹಾಳೆಗಳು ಅಂಟಂಟಾಗಿದ್ದವು. ಕಾರ್ಡು ಎಳೆದಾಗ ಬಣ್ಣವೂ ಕಿತ್ತು ಬಂತು. ಮಗಳು ಅವತ್ತು ಊಟ ಮಾಡಲಿಲ್ಲ. ನನಗೂ ಆ ಸಂಕಟ ಇನ್ನೂ ಮರೆತಿಲ್ಲ.

ದಾರಿ ತೋರಿಸಿದ್ದು ಅಮ್ಮ. "ಹಪ್ಪಳ ನಾನು ಎಲ್ಲಿ ಇಡ್ತೇನೆ, ನೋಡಿದ್ದೀಯಲ್ಲ?" ಅಂದರು. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಗಾಳಿ ಹೋಗದ ಡಬ್ಬಿಯಲ್ಲಿ ತುಂಬಿ, ಬೇಕಾದಾಗ ಮಾತ್ರ ತೆರೆಯುವುದು. ಕಾರ್ಡನ್ನು ಬಿಸಿಲಿಗೆ ಹಾಕುವ ಹಾಗಿಲ್ಲ, ಬಣ್ಣ ಮಾಸುತ್ತದೆ. ಆ ಕೆಲಸಕ್ಕೆ ತೇವ ಹೀರುವ ಹರಳು, ಸಿಲಿಕಾ ಜೆಲ್ ತಂದೆ. ಡಬ್ಬಿಗೆ 200 ಗ್ರಾಂ, ತೆಳು ಬಟ್ಟೆಯ ಚೀಲದಲ್ಲಿ. ಕಿತ್ತಳೆ ಬಣ್ಣದ್ದನ್ನೇ ಕೊಳ್ಳಿ. ತೇವ ಕುಡಿದ ಮೇಲೆ ಅದು ಹಸಿರಾಗುತ್ತದೆ, ಕಣ್ಣಿಗೇ ಗೊತ್ತಾಗುತ್ತದೆ. ನೀಲಿ ಹರಳಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಮಕ್ಕಳಿರುವ ಮನೆಗೆ ಬೇಡವೇ ಬೇಡ.

ಡಬ್ಬಿ ಕೊಂಡ ತಕ್ಷಣ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ನಾನು ಸೆಪ್ಟೆಂಬರಿನಲ್ಲೇ ಆತುರದಿಂದ ತುಂಬಿದೆ. ಕಾರ್ಡುಗಳೇ ತೇವ ಹಿಡಿದಿದ್ದವಲ್ಲ, ಒಂದು ವಾರದಲ್ಲಿ ಹರಳೆಲ್ಲ ಹಸಿರು. ಮೊದಲ ತಿಂಗಳಲ್ಲಿ ಮೂರು ಸಲ ಬದಲಾಯಿಸಿದೆ. ಈಗ ಹೊಸ ಕಾರ್ಡುಗಳನ್ನು ಜನವರಿ, ಫೆಬ್ರವರಿಯ ಒಣ ಹವೆಯಲ್ಲೇ ತುಂಬುತ್ತೇನೆ. ಆಗ ಒಂದು ಸಲ ಹಾಕಿದ ಹರಳು ಜೂನ್‌ವರೆಗೂ ಬರುತ್ತದೆ. ಮಳೆಗಾಲದಲ್ಲಿ ಮೂರು ವಾರಕ್ಕೊಮ್ಮೆ ಹರಳನ್ನು ಹುರಿದು ತೇವ ಹೋಗಿಸಬೇಕು. ಓವನ್ ಇದ್ದರೆ 110ರಿಂದ 120 ಡಿಗ್ರಿಯಲ್ಲಿ ಎರಡು ಗಂಟೆ. ನಮ್ಮಲ್ಲಿ ಓವನ್ ಇಲ್ಲ, ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತೇನೆ. ಆ ಬಾಣಲೆಯನ್ನು ಅಡುಗೆಗೆ ಮುಟ್ಟುವುದಿಲ್ಲ. ಉರಿ ಜಾಸ್ತಿಯಾದರೆ ಹರಳು ಕಪ್ಪಾಗಿ ಬಣ್ಣ ತೋರಿಸುವ ಗುಣವೇ ಹೋಗುತ್ತದೆ.

ಪ್ರತಿ ಡಬ್ಬಿಯಲ್ಲೂ ತೇವಾಂಶ ತೋರಿಸುವ ಪುಟ್ಟ ಮೀಟರ್ ಇದೆ. ಅದನ್ನು ಸುಮ್ನೆ ನಂಬಬೇಡಿ. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ಕೆಸರಿನಷ್ಟು ಮಾತ್ರ ನೀರು ಬೆರೆಸಿ, ಮೀಟರ್ ಜೊತೆ ಸಣ್ಣ ಡಬ್ಬಿಯಲ್ಲಿ ಒಂದು ದಿನ ಮುಚ್ಚಿಡಿ. ಒಳಗಿನ ತೇವಾಂಶ ಶೇಕಡಾ 75 ಆಗಬೇಕು. ನನ್ನ ಒಂದು ಮೀಟರ್ 69 ತೋರಿಸಿತು. ಅದರ ಮೇಲೆ 6 ಅಂತ ಬರೆದು ಅಂಟಿಸಿದ್ದೇನೆ, ಓದುವಾಗ ಕೂಡಿಸಿಕೊಳ್ಳುತ್ತೇನೆ. 45ರಿಂದ 55ರ ನಡುವೆ ಇದ್ದರೆ ನನಗೆ ನೆಮ್ಮದಿ. ತೀರಾ ಒಣಗಿದರೂ ಕಾರ್ಡು ಬಾಗುತ್ತದೆ, ಈ ಸಲ ಇನ್ನೊಂದು ಕಡೆಗೆ. ಅದಕ್ಕೇ ಬೇಸಿಗೆಯಲ್ಲಿ ಅರ್ಧ ಹರಳು ತೆಗೆದುಬಿಡುತ್ತೇನೆ. ಬಾಗಿದ್ದ ಕಾರ್ಡುಗಳು ಡಬ್ಬಿಯೊಳಗೆ ಎರಡು ಮೂರು ವಾರದಲ್ಲಿ ತಾವೇ ಬಹುಪಾಲು ನೆಟ್ಟಗಾದವು. ಬೂಸ್ಟು ತಗುಲಿದವು ಮಾತ್ರ ಉಳಿಯಲಿಲ್ಲ.

ಕಾರ್ಡಿನ ಅಳತೆ 63 ಗುಣಿಸು 88 ಮಿ.ಮೀ. ಒಂದೊಂದು ಕಾರ್ಡಿಗೂ ಸ್ಲೀವ್ (ತೆಳು ಪ್ಲಾಸ್ಟಿಕ್ ಕವರು) ಹಾಕಿ ನಿಲ್ಲಿಸಿದರೆ ಒಂದು ಡಬ್ಬಿಯಲ್ಲಿ ಮೂರು ಸಾಲು, ಸುಮಾರು 1,750 ಕಾರ್ಡು ಹಿಡಿಸಿ ಹರಳಿಗೂ ಜಾಗ ಉಳಿಯುತ್ತದೆ. ತೂಕ ನಾಲ್ಕು ಕಿಲೋ ಹತ್ತಿರ. ಸಾಲು ಅರ್ಧ ಖಾಲಿ ಇದ್ದರೆ ಕಾರ್ಡುಗಳು ವಾಲಿ ಬಾಗುತ್ತವೆ, ಉಳಿದ ಜಾಗಕ್ಕೆ ಸ್ಪಂಜಿನ ತುಂಡು ತುರುಕಿ. ಸ್ಲೀವ್ ಪಾಲಿಪ್ರೊಪಿಲೀನ್‌ದೇ ಆಗಿರಲಿ. ಡಬ್ಬಿಗಳಿಗಿಂತ ಅವುಗಳಿಗೇ ಜಾಸ್ತಿ ಖರ್ಚಾಯಿತು, ಆದರೂ ಬೇಸರವಿಲ್ಲ. ನುಸಿಗುಳಿಗೆ ಮಾತ್ರ ಹಾಕಬೇಡಿ, ಅದರ ಹಬೆ ಕೆಲವು ಪ್ಲಾಸ್ಟಿಕ್ಕನ್ನೇ ಮೆತ್ತಗೆ ಮಾಡುತ್ತದೆ.

ಡಬ್ಬಿಯ ದೊಡ್ಡ ದೋಷ ಕೊಂಡಿಗಳು. ಮೂರನೇ ವರ್ಷ ಒಂದರ ಕೊಂಡಿ ಮುರಿಯಿತು. ಬಿಡಿ ಕೊಂಡಿ ಸಿಗುವುದಿಲ್ಲ ಎಂದು ತಯಾರಕರು ಹೇಳಿದರು. ಹಗ್ಗ ಕಟ್ಟಿ ನೋಡಿದೆ, ಮೀಟರ್ 70ಕ್ಕೆ ಏರಿತು, ಕೊನೆಗೆ ಹೊಸದೇ ಕೊಂಡೆ. ಒಂದು ಕೊಂಡಿಗಾಗಿ ಇಡೀ ಡಬ್ಬಿ ಬದಲಾಯಿಸಬೇಕಾಗಿದ್ದು ಸರಿಯಲ್ಲ. ಈಗ ಮೇ ತಿಂಗಳಲ್ಲೇ ಪ್ರತಿ ಡಬ್ಬಿಯ ಅಂಚಿಗೆ ಕಾಗದದ ಚೀಟಿ ಇಟ್ಟು ಮುಚ್ಚಿ ಎಳೆದು ನೋಡುತ್ತೇನೆ. ಚೀಟಿ ಸಲೀಸಾಗಿ ಬಂದರೆ ರಬ್ಬರ್ ಸಡಿಲವಾಗಿದೆ ಎಂದರ್ಥ.

ಇನ್ನೊಂದು ಕೊರತೆ, ತೆರೆದು ನೋಡುವ ಖುಷಿ ಕಡಿಮೆ. ಅದಕ್ಕೆ ಒಂಬತ್ತು ಕಿಸೆಯ ಹಾಳೆಗಳ ಒಂದು ಬೈಂಡರ್ ಇಟ್ಟುಕೊಂಡಿದ್ದೇವೆ. ಇಪ್ಪತ್ತು ಹಾಳೆ, 360 ಕಾರ್ಡು, ಎಲ್ಲವೂ ಮಗಳ ಆಯ್ಕೆ. ಉಂಗುರ ಇಲ್ಲದ್ದನ್ನೇ ತಂದೆ, ಉಂಗುರ ಒತ್ತಿ ಒಳಬದಿಯ ಕಾರ್ಡಿಗೆ ಗೀರು ಬೀಳುತ್ತದೆ. ಮೊದಲ ಪುಟದಲ್ಲಿ 58/102 ಸಂಖ್ಯೆಯ, ಅಂದರೆ 102 ಕಾರ್ಡಿನ ಸರಣಿಯಲ್ಲಿ 58ನೆಯದಾದ, ಪಿಕಾಚು ಎಂಬ ಪೋಕೆಮಾನ್ ಇದೆ. ಜೂನ್ ಮೊದಲ ಮಳೆಗೆ ಆ ಬೈಂಡರೂ ಅದಕ್ಕೆಂದೇ ಇಟ್ಟ ಐದನೇ ದೊಡ್ಡ ಡಬ್ಬಿಯೊಳಗೆ ಹೋಗುತ್ತದೆ. ಅಕ್ಟೋಬರಿನಲ್ಲಿ ಹೊರಗೆ ತೆಗೆಯುವ ದಿನ ಇವಳು ಶಾಲೆಯಿಂದ ಓಡಿಕೊಂಡೇ ಬರುತ್ತಾಳೆ.