ನೈಟ್ರಸ್ ಬಟನ್: ಗೇರ್ ನಾಬ್ ಮೇಲಾ, ಸ್ಟಿಯರಿಂಗ್ ಮೇಲಾ, ಇಲ್ಲಾ ಪೆಡಲ್‌ಗೇ ಬಿಡೋದಾ?

ನೈಟ್ರಸ್ ಅಂದರೆ ಇಂಜಿನ್ನಿಗೆ ಸ್ವಲ್ಪ ಹೊತ್ತು ಹೆಚ್ಚು ಪವರ್ ಕೊಡೋ ನೈಟ್ರಸ್ ಆಕ್ಸೈಡ್ ಗ್ಯಾಸ್; ಅದನ್ನು ಬಿಡೋ ಸ್ವಿಚ್ ಎಲ್ಲಿರಬೇಕು ಅನ್ನೋದೇ ಇಲ್ಲಿನ ಮಾತು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗೇರ್ ನಾಬ್ ಮೇಲಿನ ಬಟನ್‌ಗೆ. ಕೆಳಗೆ ಅದನ್ನೇ ಜಾಸ್ತಿ ಬೈದಿದ್ದೇನೆ. ಆದರೂ ಓಟು ಅದಕ್ಕೇ.

ಗಾಡಿ ಹಳೇ ಮಾರುತಿ ಎಸ್ಟೀಮ್, 1.3 ಲೀಟರ್, ಕೇಬಲ್ ಆಕ್ಸಿಲರೇಟರ್. ಕಿಟ್ ಚಿಕ್ಕದು, ವೆಟ್ ಟೈಪ್. ಅಂದರೆ ಗ್ಯಾಸಿಗೆ ಒಂದು ಸೊಲೆನಾಯ್ಡ್ (ಕರೆಂಟ್ ಕೊಟ್ಟಾಗ ತೆರೆಯೋ ವಾಲ್ವ್), ಜೊತೆಗೆ ಹೋಗೋ ಪೆಟ್ರೋಲಿಗೆ ಇನ್ನೊಂದು. ಓಡಿಸೋದು ಕೋಯಮತ್ತೂರಿನ ‘ಕರಿ’ ರೇಸ್ ಟ್ರ್ಯಾಕ್‌ನಲ್ಲಿ ಮಾತ್ರ. ಕಿಟ್ ಕೂರಿಸಿದ ಮೇಲೆ ಈ ಗಾಡಿ ಮೈಸೂರಿನ ರೋಡಿಗೆ ಇಳಿದಿಲ್ಲ, ಚಾಮರಾಜನಗರ ದಾಟಿ ದಿಂಬಂ ಘಾಟಿಯ 27 ತಿರುವು ಇಳಿಯೋದೂ ಲಾರಿ ಮೇಲೆ ಕೂತೇ. ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮದ್ದೂರಿನ ಹತ್ತಿರ ಒಂದೇ ಸಲ ಒತ್ತಿ ನೋಡಬಹುದಲ್ವಾ ಅಂತ ಕೇಳೋರು ಇದ್ದಾರೆ. ಬೇಡ. ಅಲ್ಲಿ 100ರ ಮಿತಿ ಇದೆ, ಕ್ಯಾಮೆರಾ ಇದೆ. ಆರ್‌ಸಿಯಲ್ಲಿ ಇರೋದಕ್ಕಿಂತ ಬೇರೆ ಥರ ಗಾಡಿ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬೇರೆ ಇದೆ. ಎಲ್ಲಕ್ಕಿಂತ ಮೊದಲು, ಆ ರೋಡಲ್ಲಿ ಬೇರೆಯವರೂ ಇರುತ್ತಾರೆ.

ಸರಿ, ಸ್ವಿಚ್ಚಿಗೆ ಬರೋಣ. ಮೂರನ್ನೂ ನನ್ನ ಗಾಡಿಯಲ್ಲೇ ಹಾಕಿ ನೋಡಿದ್ದೇನೆ. ಮೂರಕ್ಕೂ ಡ್ಯಾಶ್‌ಬೋರ್ಡಿನಲ್ಲಿ ಮುಚ್ಚಳ ಇರೋ ಒಂದು ಆರ್ಮಿಂಗ್ ಸ್ವಿಚ್ ಇದ್ದೇ ಇರುತ್ತದೆ. ಅದು ಆನ್ ಆಗದೆ ಮುಂದಿನದು ಯಾವುದೂ ನಡೆಯಲ್ಲ. ಪ್ರಶ್ನೆ ಇರೋದು ಅದರ ನಂತರ ಗ್ಯಾಸ್ ಬಿಡೋ ಸ್ವಿಚ್ ಯಾವುದು ಅನ್ನೋದು.

ಕಿಟ್ ಜೊತೆಗೇ ಬರೋದು ಮೈಕ್ರೋಸ್ವಿಚ್. ಇಂಜಿನ್ನಿಗೆ ಗಾಳಿ ಬಿಡೋ ಥ್ರಾಟಲ್ ಬಾಡಿ ಪಕ್ಕ ಒಂದು ಪಟ್ಟಿ ಹಾಕಿ ಕೂರಿಸುತ್ತಾರೆ, ಪೆಡಲ್ ಪೂರ್ತಿ ತುಳಿದಾಗ ಮಾತ್ರ ಕ್ಲಿಕ್ ಅನ್ನುತ್ತದೆ. ಕೈಗೆ ಕೆಲಸವೇ ಇಲ್ಲ, ಕಾಲು ಎತ್ತಿದ ತಕ್ಷಣ ಗ್ಯಾಸ್ ನಿಲ್ಲುತ್ತದೆ, ಸೇಫ್ಟಿ ಲೆಕ್ಕದಲ್ಲಿ ಇದನ್ನು ಮೀರಿಸೋದು ಇಲ್ಲ. ಕಿರಿಕಿರಿ ಏನಂದ್ರೆ ಫ್ಲೋರ್ ಮ್ಯಾಟ್. ದಪ್ಪ ಮ್ಯಾಟ್ ಇದ್ದರೆ ಪೆಡಲ್ ಕೊನೆಯ ಒಂದು ಚೂರು ಇಳಿಯಲ್ಲ, ನೀವು ಪೂರ್ತಿ ತುಳಿದಿದ್ದೀನಿ ಅಂದುಕೊಂಡಿರುತ್ತೀರಿ, ಅಲ್ಲಿ ಸ್ವಿಚ್ ಒತ್ತಿರುವುದೇ ಇಲ್ಲ. ಇಂಜಿನ್ ಆಫ್ ಮಾಡಿ, ಒಬ್ಬರು ಸೀಟಲ್ಲಿ ಕೂತು ತುಳಿಯಬೇಕು, ಇನ್ನೊಬ್ಬರು ಬಾನೆಟ್ ಕಡೆ ಕಿವಿ ಕೊಡಬೇಕು. ಮ್ಯಾಟ್ ಹಾಕಿಯೇ ನೋಡಿ, ತೆಗೆದು ನೋಡಿದರೆ ಏನು ಪ್ರಯೋಜನ?

ಆದರೆ ಇದೊಂದನ್ನೇ ನಂಬಿಕೊಂಡರೆ ತೊಂದರೆ ಇದೆ. ಮೈಕ್ರೋಸ್ವಿಚ್ಚಿಗೆ ಪೆಡಲ್ ಗೊತ್ತು, ಆರ್‌ಪಿಎಂ ಗೊತ್ತಿಲ್ಲ. ಸೊಲೆನಾಯ್ಡ್ ತೆರೆದರೆ ಇಂಜಿನ್ ನಿಧಾನಕ್ಕೆ ತಿರುಗಲಿ, ಜೋರಾಗಿ ತಿರುಗಲಿ, ಸೆಕೆಂಡಿಗೆ ಹೋಗೋ ಗ್ಯಾಸ್ ಹೆಚ್ಚುಕಮ್ಮಿ ಅಷ್ಟೇ. ಅಂದಮೇಲೆ ಕಡಿಮೆ ಆರ್‌ಪಿಎಂನಲ್ಲಿ ಒಂದೊಂದು ಸಿಲಿಂಡರಿಗೂ ಒಂದು ಸಲಕ್ಕೆ ಬೀಳೋ ಪಾಲು ಜಾಸ್ತಿ, ಪಿಸ್ಟನ್ ಮೇಲೆ ಒತ್ತಡವೂ ಜಾಸ್ತಿ. ಅದಕ್ಕೇ 3000 ಆರ್‌ಪಿಎಂ ಕೆಳಗೆ ಗ್ಯಾಸ್ ಬಿಡಬೇಡಿ ಅನ್ನೋದು. ತಿರುವಿನಿಂದ ಹೊರಗೆ ಬರುವಾಗ ಮೇಲಿನ ಗೇರಲ್ಲೇ ಇದ್ದು ಸಿಟ್ಟಿನಲ್ಲಿ ಪೂರ್ತಿ ತುಳಿದುಬಿಟ್ಟರೆ ಇದು ಸುಮ್ನೆ ಆನ್ ಆಗುತ್ತದೆ. ಇನ್ನು ಫಸ್ಟ್ ಗೇರಲ್ಲಿ ಪೂರ್ತಿ ತುಳಿದರೆ ಮುಂದಿನ ಚಕ್ರ ನಿಂತಲ್ಲೇ ಸುತ್ತುತ್ತದೆ, ಗ್ಯಾಸ್ ವೇಸ್ಟ್. ನನಗೆ ಬೇಕಾಗಿದ್ದು ಸೆಕೆಂಡ್ ಬಿದ್ದ ಮೇಲೆ, ಗಾಡಿ ನೆಟ್ಟಗಾದ ಮೇಲೆ. ಅದನ್ನು ಹೇಳೋಕೆ ಒಂದು ಬೆರಳು ಬೇಕು.

ಸ್ಟಿಯರಿಂಗ್ ಮೇಲಿನ ಬಟನ್ ನೋಡೋಕೆ ಚೆಂದ. ನನ್ನ ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲ, ಹಾಗಾಗಿ ಬಿಚ್ಚೋ ಧೈರ್ಯ ಬಂತು. ಏರ್‌ಬ್ಯಾಗ್ ಇರೋರು ಆ ಕಡೆ ಕೈ ಹಾಕಲೇಬೇಡಿ. ಹಾರ್ನಿನ ದಾರಿಯಲ್ಲೇ ವೈರ್ ತಂದುಬಿಡಿ ಅಂತ ಹೇಳೋರು ಸಿಗುತ್ತಾರೆ. ಹಾರ್ನಿಗೆ ಸ್ಟಿಯರಿಂಗ್‌ವರೆಗೆ ಬರೋದು ಒಂದೇ ವೈರ್, ಒತ್ತಿದಾಗ ಅದು ಅರ್ತ್ ಆಗುತ್ತದೆ, ಅಂದರೆ ಬ್ಯಾಟರಿಯ ಮೈನಸ್ಸಿಗೆ ಸೇರಿರೋ ಬಾಡಿಗೆ ಮುಟ್ಟುತ್ತದೆ, ಅಷ್ಟೇ. ಅರ್ತ್ ಕಡೆಯ ಈ ವಿಚಾರಕ್ಕೆ ಮುಂದೆ ಬರುತ್ತೇನೆ, ನನಗೆ ಅದು ಬೇಡ. ಬೇರೆ ವೈರ್ ಎಳೆದರೆ ಸ್ಟಿಯರಿಂಗ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಪೂರ್ತಿ ತಿರುಗಿಸುವಷ್ಟು ಸುರುಳಿ ಬಿಡಬೇಕು. ಅದು ಇಂಡಿಕೇಟರ್ ಕಡ್ಡಿಗೆ ಸಿಕ್ಕಿಕೊಂಡ ದಿನ ಬಿಚ್ಚಿ ಇಟ್ಟುಬಿಟ್ಟೆ.

ವೈರ್‌ಲೆಸ್ ಬಟನ್ ಕೂಡ ಬರುತ್ತದೆ. ಒಳಗೆ ಬಟನ್ ಸೆಲ್ ಬ್ಯಾಟರಿ. ಅದರ ಬಗ್ಗೆ ಇಷ್ಟು ಸಾಕು.

ಈಗ ಗೇರ್ ನಾಬ್. ಅಂಗಡಿಯಲ್ಲಿ ಸಿಗೋ ಸ್ಟೀಲಿನ ಒತ್ತೋ ಬಟನ್, 16 ಎಂಎಂದು, 200 ರೂಪಾಯಿ ಆಸುಪಾಸು. ಇದರಲ್ಲಿ ಒಂದು ಎಚ್ಚರ. ಒತ್ತಿದಷ್ಟು ಹೊತ್ತು ಮಾತ್ರ ಆನ್ ಇರೋದು, ಒಂದು ಸಲ ಒತ್ತಿದರೆ ಹಿಡಿದುಕೊಂಡು ಬಿಡೋದು, ಎರಡೂ ಹೊರಗಿಂದ ಒಂದೇ ಥರ ಕಾಣುತ್ತವೆ. ನಾನು ಆನ್‌ಲೈನಲ್ಲಿ ಮೊದಲನೆಯದನ್ನು ಆರ್ಡರ್ ಮಾಡಿದರೆ ಕವರಿನಲ್ಲಿ ಬಂದದ್ದು ಎರಡನೆಯದು. ಮಲ್ಟಿಮೀಟರ್ ಬೀಪ್‌ಗೆ ಇಟ್ಟು ಒತ್ತಿ ಬಿಟ್ಟೆ, ಬೀಪ್ ನಿಲ್ಲಲೇ ಇಲ್ಲ. ಅದನ್ನೇ ಹಾಕಿದ್ದರೆ ಬೆರಳು ತೆಗೆದರೂ, ಕಾಲು ತೆಗೆದರೂ ಗ್ಯಾಸ್ ಮತ್ತು ಪೆಟ್ರೋಲ್ ಮುಚ್ಚಿದ ಥ್ರಾಟಲ್ ಹಿಂದೆ, ಸಿಲಿಂಡರುಗಳಿಗೆ ಗಾಳಿ ಹಂಚೋ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ತುಂಬಿಕೊಳ್ಳುತ್ತಾ ಹೋಗುತ್ತಿದ್ದವು. ಆಮೇಲೆ ಒಂದು ಬ್ಯಾಕ್‌ಫೈರ್ ಆದರೆ ಮ್ಯಾನಿಫೋಲ್ಡ್ ಹುಡುಕಬೇಕಾಗುತ್ತಿತ್ತು. ಯಾರ ಹತ್ತಿರ ತಗೊಂಡರೂ ಮೀಟರ್ ಹಿಡಿದು ನೋಡಿಯೇ ಹಾಕಿ.

ನಿಜವಾದ ತಲೆನೋವು ಬಟನ್ ಅಲ್ಲ, ಅದರಿಂದ ಕೆಳಗೆ ಬರೋ ವೈರ್.

ವೈರಿಂಗ್ ಮಾಡಿದವರು ನಮ್ಮ ಏರಿಯಾದ ಒಬ್ಬ ಆಟೋ ಎಲೆಕ್ಟ್ರಿಷಿಯನ್. ಕೈ ಚೆನ್ನಾಗಿದೆ, ಕ್ರಿಂಪಿಂಗ್ ನೀಟು, ಟೇಪು ನೀಟು. ಸೊಲೆನಾಯ್ಡ್ ಎರಡೂ ಸೇರಿ 15ರಿಂದ 20 ಆಂಪಿಯರ್ ಎಳೆಯಬಹುದು, ಈ ಬಟನ್ ತಡೆಯೋದು ಅಬ್ಬಬ್ಬಾ ಅಂದರೆ 3ರಿಂದ 5. ಅದಕ್ಕೆ ನಡುವೆ 40 ಆಂಪಿಯರ್ ರಿಲೇ (ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್) ಹಾಕಿದ್ದರು, ಅದೂ ಸರಿ. ಮುಂದಿನ 30, 87, 85, 86 ಎಲ್ಲ ರಿಲೇಯ ಪಿನ್ ನಂಬರುಗಳು. ಬ್ಯಾಟರಿಯಿಂದ ಫ್ಯೂಸ್ ದಾಟಿ 30ಕ್ಕೆ, 87ರಿಂದ ಸೊಲೆನಾಯ್ಡ್‌ಗೆ. ರಿಲೇಯನ್ನು ಆನ್ ಮಾಡೋ ಕಾಯಿಲ್ ಕಡೆ 86ಕ್ಕೆ ಆರ್ಮಿಂಗ್ ಸ್ವಿಚ್ಚಿನಿಂದ ಪ್ಲಸ್ ಕೊಟ್ಟು, 85ನ್ನು ಗೇರ್ ನಾಬ್ ಬಟನ್ ಮೂಲಕ ಅರ್ತ್ ಮಾಡಿದ್ದರು. ಮೈಕ್ರೋಸ್ವಿಚ್ಚನ್ನು ಬಿಚ್ಚಿ ಪಕ್ಕಕ್ಕಿಟ್ಟಿದ್ದರು, ಬಟನ್ ಇದೆಯಲ್ಲ ಸಾರ್ ಅಂತ.

ಮೊದಲಿಗೆ ಎಲ್ಲ ಸರಿಯಿತ್ತು. ಆಮೇಲೆ ಶುರುವಾಯಿತು ನೋಡಿ. ಥರ್ಡ್ ಗೇರಲ್ಲಿ ಬಟನ್ ಕೆಲಸ ಮಾಡುತ್ತದೆ, ಫೋರ್ತಲ್ಲಿ ಇಲ್ಲ. ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಮೀಟರ್ ಹಿಡಿದರೆ ಎಲ್ಲ ಪಕ್ಕಾ. ಫ್ಯೂಸ್ ಬದಲಾಯಿಸಿದ್ದಾಯಿತು, ರಿಲೇ ಬದಲಾಯಿಸಿದ್ದಾಯಿತು, ಬಟನ್ನೂ ಹೊಸದಾಯಿತು. ಲಾರಿ ಬಾಡಿಗೆ ಕೊಟ್ಟು, ಘಾಟಿ ಇಳಿಸಿ, ಟ್ರ್ಯಾಕಿಗೆ ದುಡ್ಡು ಕಟ್ಟಿ, ಸ್ಟ್ರೇಟಿನಲ್ಲಿ ಫೋರ್ತಿಗೆ ಬಿದ್ದಾಗ ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದರೂ ಏನೂ ಆಗದೆ ಇದ್ದರೆ ಆ ಸಂಕಟ ಹೇಳಿ ತೀರಲ್ಲ.

ಕಾರಣ ಇಷ್ಟೇ. ಥರ್ಡ್ ಹಾಕಿದಾಗ ಲಿವರ್ ಮುಂದೆ ಹೋಗುತ್ತದೆ, ಫೋರ್ತ್ ಹಾಕಿದಾಗ ಹಿಂದೆ ಬರುತ್ತದೆ. ಗೇರ್ ಬೂಟಿನ (ಲಿವರ್ ಬುಡದ ಮೆತ್ತನೆ ಹೊದಿಕೆ) ಕೆಳಗೆ ವೈರ್ ಲಿವರಿನಿಂದ ಬಿಟ್ಟು ಕನ್ಸೋಲಿಗೆ ಹೋಗೋ ಜಾಗದಲ್ಲಿ, ಪ್ರತಿ ಗೇರಿಗೂ ಅದೇ ಒಂದು ಬಿಂದುವಿನಲ್ಲಿ ಮಡಚಿ ಮಡಚಿ, ಒಳಗಿನ ತಾಮ್ರದ ಎಳೆಗಳು ಕಟ್ ಆಗಿದ್ದವು. ಹೊರಗಿನ ಪ್ಲಾಸ್ಟಿಕ್ ಹಾಗೇ ಇತ್ತು, ಕಣ್ಣಿಗೆ ಏನೂ ಗೊತ್ತಾಗದು. ಲಿವರ್ ಮುಂದಿದ್ದಾಗ ತುಂಡುಗಳು ಒಂದಕ್ಕೊಂದು ತಾಗುತ್ತಿದ್ದವು, ಹಿಂದೆ ಬಂದಾಗ ಬಿಡುತ್ತಿದ್ದವು. ಮೀಟರನ್ನು ನ್ಯೂಟ್ರಲ್‌ನಲ್ಲಿ ಹಿಡಿದರೆ ಇದು ಸಿಗೋದೇ ಇಲ್ಲ. ಬಟನ್ ಒತ್ತಿ ಹಿಡಿದು ಎಲ್ಲ ಗೇರಿಗೂ ಲಿವರ್ ಆಡಿಸುತ್ತಾ ಬೀಪ್ ಕೇಳಬೇಕು.

ಇಷ್ಟೇ ಆಗಿದ್ದರೆ ವೈರ್ ಬದಲಾಯಿಸಿ ಮುಗಿಸುತ್ತಿದ್ದೆ. ಮನೆಯ ಶೆಡ್ಡಿನಲ್ಲಿ, ಗ್ಯಾಸಿನ ಬಾಟಲ್ ಇಲ್ಲದೆ, ಪೆಟ್ರೋಲ್ ಸೊಲೆನಾಯ್ಡಿನ ಕನೆಕ್ಟರ್ ಬಿಚ್ಚಿ, ಆರ್ಮಿಂಗ್ ಆನ್ ಮಾಡಿ ಲಿವರ್ ಆಡಿಸುತ್ತಿದ್ದಾಗ ರಿವರ್ಸಿನ ಕಡೆ ಎಳೆದರೆ ರಿಲೇ ತಾನಾಗಿ ಟಿಕ್ ಅಂತು. ಬಟನ್ ಮೇಲೆ ನನ್ನ ಬೆರಳು ಇರಲಿಲ್ಲ. ವೈರಿನ ಸಿಪ್ಪೆ ಇನ್ನೊಂದು ಕಡೆ ಸವೆದು, ಬರಿ ತಾಮ್ರ ಲಿವರಿನ ಕಬ್ಬಿಣಕ್ಕೆ ತಾಗುತ್ತಿತ್ತು. ನನ್ನ ಗಾಡಿಯಲ್ಲಿ ಲಿವರ್ ಬಾಡಿ ಅರ್ತ್ ಆಗಿಯೇ ಇದೆ. ಅರ್ತ್ ಕಡೆ ಸ್ವಿಚ್ ಮಾಡಿದಾಗ ಬಟನ್ ಮಾಡೋದೂ ಅದೇ ಕೆಲಸ ಅಲ್ವಾ, 85ನ್ನು ಅರ್ತಿಗೆ ಮುಟ್ಟಿಸೋದು. ವೈರ್ ಸವೆದರೆ ಗಾಡಿಯೇ ಬಟನ್ ಒತ್ತಿಕೊಳ್ಳುತ್ತದೆ.

ಎಲೆಕ್ಟ್ರಿಷಿಯನ್ನಿಗೆ ತೋರಿಸಿದೆ. "ಹಾರ್ನಿಗೆ ಯಾವಾಗಲೂ ಹಿಂಗೇ ಕೊಡೋದು ಸಾರ್" ಅಂದರು. ನಿಜವೇ. ಹಾರ್ನ್ ತಾನಾಗಿ ಬಡಿದುಕೊಂಡರೆ ಬೀದಿಯವರು ಬೈಯುತ್ತಾರೆ, ಅಷ್ಟಕ್ಕೇ ಮುಗಿಯುತ್ತದೆ. ಇದು ಹಾಗಲ್ಲವಲ್ಲ.

ಈಗ ನನ್ನ ಗಾಡಿಯಲ್ಲಿ ಬಟನ್ ಇರೋದು ಪ್ಲಸ್ ಕಡೆ. ಆರ್ಮಿಂಗ್ ಸ್ವಿಚ್ಚಿನಿಂದ 2 ಆಂಪಿಯರಿನ ಚಿಕ್ಕ ಫ್ಯೂಸ್, ಅಲ್ಲಿಂದ ಬಟನ್, ಬಟನ್ನಿಂದ 86. ರಿಲೇ ಕಾಯಿಲ್ ಒಂದು ಆಂಪಿಯರಿನ ಕಾಲು ಭಾಗವನ್ನೂ ಎಳೆಯಲ್ಲ, ಆದ್ದರಿಂದ 2 ಧಾರಾಳ. ಬಟನ್‌ಗೆ ಹೋಗೋ ವೈರ್ ಸವೆದು ಲಿವರಿಗೆ ತಾಗಿದರೆ ಫ್ಯೂಸ್ ಹಾರುತ್ತದೆ, ಗ್ಯಾಸ್ ಬರಲ್ಲ. ವಾಪಸ್ ಬರೋ ವೈರ್ ತಾಗಿದರೂ ಒತ್ತಿದಾಗ ಫ್ಯೂಸೇ ಹಾರೋದು. ಹೋಗೋದು ಬರೋದು ಎರಡೂ ಒಟ್ಟಿಗೆ ಸವೆದು ಒಂದಕ್ಕೊಂದು ಅಂಟಿಕೊಂಡರೆ ಮಾತ್ರ ಅಪಾಯ, ಅದಕ್ಕೆ ಎರಡಕ್ಕೂ ಬೇರೆ ಬೇರೆ ಸ್ಲೀವ್ ಹಾಕಿದ್ದೇನೆ. ಮತ್ತೆ ಆ ಪಕ್ಕಕ್ಕಿಟ್ಟ ಮೈಕ್ರೋಸ್ವಿಚ್ಚನ್ನು ವಾಪಸ್ ತಂದು 85 ಮತ್ತು ಅರ್ತಿನ ನಡುವೆ ಕೂರಿಸಿದೆ. ಬೆರಳು ಒತ್ತಿರಬೇಕು, ಕಾಲೂ ಪೂರ್ತಿ ಇಳಿದಿರಬೇಕು. ಗೇರ್ ಬದಲಾಯಿಸುವಾಗ ಬೆರಳು ಬಟನ್ ಮೇಲೇ ಉಳಿದುಬಿಟ್ಟರೂ ಕಾಲು ಎತ್ತಿದ ಕೂಡಲೇ ಕಟ್.

ವೈರ್ ಈಗ ಸಿಲಿಕಾನ್ ಹೊದಿಕೆಯದು, ಒಳಗೆ ಕೂದಲಿನಂಥ ಸಣ್ಣ ಎಳೆಗಳು ತುಂಬಾ ಇರುತ್ತವೆ, ಮಡಚಿದರೆ ಬೇಗ ಮುರಿಯಲ್ಲ. ಬೂಟಿನ ಕೆಳಗೆ ಒಂದು ದೊಡ್ಡ ಸುರುಳಿ ಬಿಟ್ಟು, ಸುರುಳಿಯ ಎರಡೂ ತುದಿಯನ್ನು ಟೈ ಹಾಕಿ ಕಟ್ಟಿದ್ದೇನೆ. ಮಡಿಕೆ ಒಂದೇ ಕಡೆ ಬೀಳಬಾರದು, ಅದೇ ಉದ್ದೇಶ. ಸಾಲ್ಡರ್ ಜಾಯಿಂಟ್ ಅಲ್ಲಾಡೋ ಜಾಗದಲ್ಲಿ ಬೇಡವೇ ಬೇಡ, ಸಾಲ್ಡರ್ ಮುಗಿಯೋ ಅಂಚಿನಲ್ಲೇ ಎಳೆ ಮುರಿಯುತ್ತದೆ. ಇಷ್ಟಾದರೂ ಪ್ರತಿ ಸಲ ಲಾರಿ ಹತ್ತಿಸೋ ಮುಂಚೆ ಬಾಟಲ್ ಇಲ್ಲದೆ ಒಂದು ಸಲ ಲಿವರ್ ಆಡಿಸಿ ರಿಲೇ ಕೇಳುತ್ತೇನೆ. ಸ್ಟಿಯರಿಂಗ್ ಬಟನ್‌ಗೂ ಮೈಕ್ರೋಸ್ವಿಚ್ಚಿಗೂ ಇಷ್ಟು ಆರೈಕೆ ಬೇಕಿಲ್ಲ, ಒಪ್ಪಿಕೊಂಡೆ.

ಹಾಗಾದರೆ ಇನ್ನೂ ಯಾಕೆ ಗೇರ್ ನಾಬ್? ನನ್ನ ಎಡಗೈ ಯಾವತ್ತೂ ಅಲ್ಲೇ ಇರೋದು. ಡ್ರೈವಿಂಗ್ ಕಲಿಸಿದ ನಮ್ಮ ಮಾವ ಎರಡೂ ಕೈ ಸ್ಟಿಯರಿಂಗ್ ಮೇಲೆ ಇಡೋ ಅಂತ ಎಷ್ಟು ಗದರಿದರೂ ಹೋಗಲಿಲ್ಲ ಈ ಅಭ್ಯಾಸ. ಸೆಕೆಂಡ್ ಹಾಕಿದ ಕೈ ಅಲ್ಲೇ ಇರುತ್ತದೆ, ಗಾಡಿ ನೆಟ್ಟಗಾಯಿತು ಅನ್ನಿಸಿದಾಗ ಹೆಬ್ಬೆರಳು ಇಳಿಯುತ್ತದೆ. ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿಯೋ ಒಳ್ಳೆಯ ಅಭ್ಯಾಸ ನಿಮಗಿದ್ದರೆ, ಗಾಡಿಯಲ್ಲಿ ಏರ್‌ಬ್ಯಾಗೂ ಇಲ್ಲದಿದ್ದರೆ, ಸ್ಟಿಯರಿಂಗ್ ಬಟನ್ನೇ ಸರಿ. ಎರಡು ವೈರ್ ಎಳೆದು ಪ್ಲಸ್ ಕಡೆ ಮಾಡಿಸಿ, ಸುರುಳಿಯನ್ನು ಇಂಡಿಕೇಟರ್ ಕಡ್ಡಿಯಿಂದ ದೂರ ಇಡಿ. ಈಗಿನ ಗಾಡಿಗಳಲ್ಲಿ ಆಕ್ಸಿಲರೇಟರಿಗೆ ಕೇಬಲ್ಲೇ ಇಲ್ಲ, ಅಂಥದ್ದಾದರೆ ಮೈಕ್ರೋಸ್ವಿಚ್ ಪೆಡಲ್ ಹತ್ತಿರವೇ ಬರಬೇಕು.

ಖರ್ಚು ನೋಡಿದರೆ ಬಟನ್, ರಿಲೇ, ಫ್ಯೂಸ್ ಹೋಲ್ಡರ್, ಒಳ್ಳೇ ವೈರ್ ಎಲ್ಲ ಸೇರಿ 1000 ರೂಪಾಯಿ ಒಳಗೆ ಆಗುತ್ತದೆ. ಮೈಕ್ರೋಸ್ವಿಚ್ ಹೇಗೂ ಕಿಟ್ಟಿನಲ್ಲೇ ಇತ್ತು. ರಿಲೇ ತಗೊಳ್ಳುವಾಗ ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡೋದು) ಇದೆಯಾ ಕೇಳಿ. ಇದ್ದರೆ 85, 86 ಅದಲುಬದಲು ಮಾಡೋ ಹಾಗಿಲ್ಲ, ಮಾಡಿದರೆ ಫ್ಯೂಸ್ ಹೋಗುತ್ತದೆ. ಇಷ್ಟು ಆರ್‌ಪಿಎಂನಿಂದ ಇಷ್ಟರವರೆಗೆ ಮಾತ್ರ ಬಿಡು ಅನ್ನೋ ವಿಂಡೋ ಸ್ವಿಚ್ ಇದ್ದರೆ 3000ದ ಚಿಂತೆಯೂ ಇಲ್ಲ, ಇಂಜಿನ್ ಮಿತಿ ಮೀರಿ ತಿರುಗದಂತೆ ತಡೆಯೋ ರೆವ್ ಲಿಮಿಟರ್ ಹತ್ತಿರದ ಚಿಂತೆಯೂ ಇಲ್ಲ. ಸದ್ಯಕ್ಕೆ ನಾನು ಆರ್‌ಪಿಎಂ ಮೀಟರ್ ನೋಡಿಕೊಂಡೇ ಒತ್ತುತ್ತಿದ್ದೇನೆ. ಒಂದು ಸಲದ ಲಾರಿ ಬಾಡಿಗೆ ಉಳಿದರೆ ಅದನ್ನೇ ತಗೊಳ್ಳೋದು, ತಂದು ಮೈಕ್ರೋಸ್ವಿಚ್ ಜೊತೆ ಸಾಲಾಗಿ ಅರ್ತ್ ಕಡೆ ಸೇರಿಸೋದು. ಬಟನ್ ಇದ್ದಲ್ಲೇ ಇರುತ್ತದೆ.