ವಿಟ್ರಿಫೈಡ್ ಟೈಲ್ಸ್ ಕೊರೆಯುವ ಡೈಮಂಡ್ ಬಿಟ್ ಸೆಟ್: ಹದಿನಾಲ್ಕು ತೂತುಗಳ ನಂತರದ ವಿಮರ್ಶೆ

ಬಚ್ಚಲುಮನೆಯ ಗೋಡೆಗೆ ಟವೆಲ್ ರಾಡ್ ಕೂರಿಸಲು ಬಂದಿದ್ದ ಕೆಲಸಗಾರರೊಬ್ಬರು, ಸಾಧಾರಣ ಗೋಡೆ ಕೊರೆಯುವ ಬಿಟ್ಟನ್ನೇ ಹ್ಯಾಮರ್ ಡ್ರಿಲ್ಲಿಗೆ ಸಿಕ್ಕಿಸಿ ಮೈಭಾರ ಹಾಕಿ ಒತ್ತಿದಾಗ, ನಾಲ್ಕಡಿ ಉದ್ದ ಎರಡಡಿ ಅಗಲದ ಹೊಸ ಟೈಲ್ ತೂತಿನ ಜಾಗದಿಂದ ಮೂಲೆಯವರೆಗೂ ಕೂದಲೆಳೆಯಂತೆ ಸೀಳಿತು. ಮನೆ ಕಟ್ಟಿಸುವಾಗ ಉಳಿದಿದ್ದ ಮೂರು ಟೈಲ್ಸ್‌ಗಳಲ್ಲಿ ಒಂದು ಆ ಸೀಳಿದ ಜಾಗವನ್ನು ತುಂಬಲು ಹೋಯಿತು. ಅದೇ ಬಣ್ಣದ ಟೈಲ್ ಮತ್ತೆ ತರೋಣವೆಂದರೆ ಬ್ಯಾಚ್ ಬದಲಾದೊಡನೆ ಛಾಯೆಯೂ ಬದಲಾಗುತ್ತದೆ. ಹೀಗಾಗಿ ಉಳಿದ ಕೆಲಸವನ್ನು ನಾನೇ ಮಾಡುವುದೆಂದು ನಿಶ್ಚಯಿಸಿ, ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯಿಂದ 6, 8, 10 ಮತ್ತು 12 ಮಿಲಿಮೀಟರಿನ ನಾಲ್ಕು ಡೈಮಂಡ್ ಬಿಟ್‌ಗಳಿರುವ ಸೆಟ್ಟನ್ನು 1,150 ರೂಪಾಯಿಗೆ ಕೊಂಡೆ. ಈಗ ಗೋಡೆಯಲ್ಲಿ ಹದಿನಾಲ್ಕು ತೂತುಗಳಾಗಿವೆ, ಒಂದು ಟೈಲ್ ಕೂಡ ಬಿರಿದಿಲ್ಲ. ಆದರೂ ಈ ಸೆಟ್ಟನ್ನು ಎಲ್ಲರೂ ಕಣ್ಣು ಮುಚ್ಚಿ ಕೊಳ್ಳಬಹುದೆಂದು ಹೇಳಲಾರೆ.

ಮೊದಲು ತಿಳಿಯಬೇಕಾದದ್ದು ಗೋಡೆಯ ಮೇಲಿರುವ ಟೈಲ್ ಯಾವ ಜಾತಿಯದು ಎನ್ನುವುದನ್ನು. ನಮ್ಮ ಅಂಗಡಿಗಳಲ್ಲಿ ವಿಟ್ರಿಫೈಡ್, ಜಿವಿಟಿ (ಮೇಲೆ ಗ್ಲೇಜ್ ಎಂಬ ಗಾಜಿನಂಥ ಲೇಪನವಿರುವ ವಿಟ್ರಿಫೈಡ್) ಎಂದು ಮಾರುವುದನ್ನೇ ಹೊರದೇಶಗಳಲ್ಲಿ ಪೋರ್ಸಲಿನ್ ಟೈಲ್ ಎನ್ನುತ್ತಾರೆ. ಹಳೆಯ ಮನೆಗಳ ಬಚ್ಚಲಿನ ಗೋಡೆಗಿರುವುದು ಬಹುಪಾಲು ಸೆರಾಮಿಕ್. ಅದರ ಒಡಲು ಮೆತ್ತಗೆ, ತನ್ನ ತೂಕದ ಶೇಕಡಾ 10ಕ್ಕೂ ಹೆಚ್ಚು ನೀರು ಕುಡಿಯುವಂಥದ್ದು. ಸುಮಾರು 1,200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದ ಪೋರ್ಸಲಿನ್ ಶೇಕಡಾ 0.5ಕ್ಕಿಂತ ಹೆಚ್ಚು ನೀರು ಹೀರಬಾರದೆಂದು ಐಎಸ್‌ಒ 13006 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಮನೆಯಲ್ಲಿ ತುಂಡು ಟೈಲ್ ಇದ್ದರೆ ಅದನ್ನು ಮಗುಚಿ, ಹಿಂಬದಿಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಬಹುದು: ಸೆರಾಮಿಕ್ಕಾದರೆ ಹನಿ ಇಂಗುತ್ತದೆ, ವಿಟ್ರಿಫೈಡ್ ಆದರೆ ಹಾಗೆಯೇ ನಿಂತಿರುತ್ತದೆ. ಇಂಗಿದರೆ ಈ ಸೆಟ್ಟಿನ ಅಗತ್ಯವೇ ಇಲ್ಲ. ಈಟಿಯ ಮೊನೆಯಂತಿರುವ, ನೂರು ರೂಪಾಯಿಯೊಳಗೆ ಸಿಗುವ ಕಾರ್ಬೈಡ್ ಬಿಟ್ ಆ ಕೆಲಸವನ್ನು ಸಲೀಸಾಗಿ ಮಾಡುತ್ತದೆ.

ಗೋಡೆಯನ್ನು ಮುಟ್ಟುವ ಮುನ್ನ ಉಳಿದ ಎರಡರಲ್ಲಿ ಒಂದು ಟೈಲನ್ನು ಪರೀಕ್ಷೆಗೆಂದೇ ಬಲಿ ಕೊಟ್ಟೆ. ಅದರಡಿ ಪ್ಲೈವುಡ್ ಹಲಗೆಯನ್ನಿಟ್ಟು, ಎಲ್ಲಿಯೂ ಟೊಳ್ಳು ಉಳಿಯದಂತೆ ಸಮನಾಗಿ ಮಲಗಿಸಿ, ಮೂರು ಬಗೆಯ 6 ಮಿಲಿಮೀಟರ್ ಬಿಟ್‌ಗಳನ್ನು ನೀರು ಹಾಕುತ್ತಲೇ ಹೋಲಿಸಿದೆ. ಈಟಿಮೊನೆಯ ಕಾರ್ಬೈಡ್ ಬಿಟ್ ಮೊದಲ ತೂತನ್ನು ಮುಗಿಸಲು ಏಳು ನಿಮಿಷ ತೆಗೆದುಕೊಂಡಿತು, ಎರಡನೆಯದನ್ನು ಮುಗಿಸಲೇ ಇಲ್ಲ. ಕಾರ್ಬೈಡ್ ಈ ಟೈಲಿಗಿಂತ ಗಟ್ಟಿಯಾದ ವಸ್ತುವೇ ಆದರೂ ಉಜ್ಜಾಟದ ಬಿಸಿಯಲ್ಲಿ ಅದರ ಅಂಚು ಮೊಂಡಾಗುತ್ತದೆ. ಅಂಚು ಮೊಂಡಾದ ಮೇಲೆ ಕೈ ತಾನಾಗಿಯೇ ಇನ್ನಷ್ಟು ಒತ್ತುತ್ತದೆ, ಟೈಲ್ ಒಡೆಯುವುದು ಆ ಕ್ಷಣದಲ್ಲಿ. ಎರಡನೆಯದು, ಹತ್ತು ಬಿಟ್‌ಗಳಿಗೆ 350 ರೂಪಾಯಿಯ ಹೆಸರಿಲ್ಲದ ಡೈಮಂಡ್ ಸೆಟ್. ಇದರಲ್ಲಿ ವಜ್ರದ ಪುಡಿಯನ್ನು ನಿಕ್ಕಲ್ ಲೇಪನದಿಂದ ಹಿಡಿದಿಟ್ಟಿರುತ್ತಾರೆ. ಮೊದಲೆರಡು ತೂತುಗಳನ್ನು ಆಶ್ಚರ್ಯವಾಗುವಷ್ಟು ಬೇಗ ಕೊರೆದ ಈ ಬಿಟ್, ಮೂರನೆಯದರ ನಡುವೆ ಲೇಪನ ಉದುರಿ ಬರಿಯ ಉಕ್ಕಿನ ಕೊಳವೆಯಾಯಿತು. ಮೂರನೆಯದೇ ನಾನು ಕೊಂಡ ಸೆಟ್ಟಿನದು. ಇದರ ವಜ್ರದ ಹರಳುಗಳನ್ನು ನಿರ್ವಾತ ಕುಲುಮೆಯಲ್ಲಿ ಲೋಹದ ಬೆಸುಗೆಯಿಂದ ಕೂರಿಸಿರುತ್ತಾರೆ. ಅಂಗಡಿಯವರು ವ್ಯಾಕ್ಯೂಮ್ ಬ್ರೇಜ್ಡ್ ಎನ್ನುತ್ತಾರೆ. ಹರಳುಗಳು ದಪ್ಪವಾಗಿ ಮೇಲೆದ್ದು ಕಾಣುತ್ತವೆ, ಬೆರಳಿಗೆ ಒರಟು ಮರಳುಕಾಗದದಂತೆ ತಾಗುತ್ತವೆ. ಮೂರು ತೂತುಗಳನ್ನು ಒಂದೊಂದೂವರೆ ನಿಮಿಷದಲ್ಲಿ ಮುಗಿಸಿತು. ಅಂಚಿನಲ್ಲಿ ಗ್ಲೇಜ್ ಒಂದಿಷ್ಟೂ ಚಕ್ಕೆ ಏಳಲಿಲ್ಲ.

ಇವು ಟೊಳ್ಳು ಬಿಟ್‌ಗಳು. ತುದಿಯಲ್ಲಿ ಮೊನೆಯಿಲ್ಲದ ಕಾರಣ ನುಣುಪಾದ ಟೈಲಿನ ಮೇಲೆ ನೇರವಾಗಿ ಇಟ್ಟು ಗುಂಡಿ ಒತ್ತಿದರೆ ಬಿಟ್ ಜಾರಿ, ಗ್ಲೇಜಿನ ಮೇಲೆ ಅಳಿಸಲಾಗದ ಗೀರನ್ನು ಎಳೆದುಬಿಡುತ್ತದೆ. ಡ್ರಿಲ್ಲನ್ನು ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು, ಬಿಟ್ಟಿನ ಒಂದು ಅಂಚಿನಿಂದ ಬಿದಿಗೆಯ ಚಂದ್ರನಂಥ ಗುರುತನ್ನು ಮೊದಲು ಮಾಡಿಕೊಂಡು, ಬಿಟ್ ಅದರಲ್ಲಿ ನೆಲೆ ಕಂಡ ಮೇಲೆ ತಿರುಗುತ್ತಿರುವಾಗಲೇ ನಿಧಾನವಾಗಿ ನೆಟ್ಟಗೆ ತರಬೇಕು. ಇದು ಎರಡು ಮೂರು ತೂತುಗಳಲ್ಲಿ ಕೈಗೆ ಹತ್ತುತ್ತದೆ. ಅಷ್ಟು ಧೈರ್ಯವಿಲ್ಲದವರು ಪ್ಲೈವುಡ್ ತುಂಡಿಗೆ ಅದೇ ಅಳತೆಯ ತೂತು ಮಾಡಿ, ಆ ತುಂಡನ್ನು ಟೈಲಿನ ಮೇಲೆ ಗಟ್ಟಿಯಾಗಿ ಹಿಡಿದು ಅದರ ಮೂಲಕ ಕೊರೆಯಬಹುದು. ನನ್ನ ಮೊದಲ ನಾಲ್ಕು ತೂತುಗಳಾದದ್ದು ಹಾಗೆಯೇ. ಮಾಸ್ಕಿಂಗ್ ಟೇಪ್ ಅಂಟಿಸಿದರೆ ಸಾಕೆಂದು ಹಲವರು ಹೇಳುತ್ತಾರೆ. ಪೆನ್ಸಿಲ್ ಗುರುತು ಕಾಣಲು ಅದು ಅನುಕೂಲ, ಆದರೆ ನೀರು ಬಿದ್ದ ಮೇಲೆ ಟೇಪಿಗೆ ಬಿಟ್ಟನ್ನು ಹಿಡಿದು ನಿಲ್ಲಿಸುವ ಶಕ್ತಿಯಿಲ್ಲ.

ನೀರಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಸೆಟ್ಟಿನ ಪೊಟ್ಟಣದ ಮೇಲೆ ನೀರಿನ ಹನಿಯೊಂದರ ಚಿತ್ರವಿದೆಯೇ ಹೊರತು ಬೇರೆ ಯಾವ ಸೂಚನೆಯೂ ಇಲ್ಲ. ವಜ್ರ ಅತಿ ಕಠಿಣ ವಸ್ತು ನಿಜ, ಆದರೆ ಗಾಳಿಯಲ್ಲಿ ಅತಿಯಾಗಿ ಕಾದರೆ ಅದೂ ಹಾಳಾಗುತ್ತದೆ. ಟೈಲಿನ ಕಡೆಯಿಂದ ನೋಡಿದರೂ ಬಿಸಿಯೇ ಶತ್ರು: ಕೊರೆಯುತ್ತಿರುವ ಜಾಗ ಹಿಗ್ಗಲು ಹವಣಿಸುತ್ತದೆ, ಸುತ್ತಲಿನ ತಣ್ಣನೆಯ ಭಾಗ ಬಿಡುವುದಿಲ್ಲ. ಪೋರ್ಸಲಿನ್ ಅದುಮುವ ಭಾರವನ್ನು ಎಷ್ಟಾದರೂ ತಾಳುತ್ತದೆ, ಎಳೆತವನ್ನು ತಾಳದು; ಲೋಹದಂತೆ ಬಾಗಿ ಸಹಿಸಿಕೊಳ್ಳುವ ಗುಣವೇ ಅದಕ್ಕಿಲ್ಲದಿರುವುದರಿಂದ, ಕಣ್ಣಿಗೆ ಕಾಣದ ಒಂದು ಚಿಕ್ಕ ಸೀಳು ಸಿಕ್ಕರೂ ಬಿರುಕು ಅಲ್ಲಿಂದ ಓಡಲಾರಂಭಿಸುತ್ತದೆ. ಹ್ಯಾಮರ್ ಮೋಡಿನ ಪೆಟ್ಟು ಮಾಡುವುದೂ ಇದೇ ಅನಾಹುತವನ್ನು, ಇನ್ನೂ ಬೇಗ. ನೆಲದ ಟೈಲಾದರೆ ಗೋಧಿಹಿಟ್ಟಿನ ಕಣಕದಿಂದ ತೂತಿನ ಸುತ್ತ ಪುಟ್ಟ ಕಟ್ಟೆ ಕಟ್ಟಿ ನೀರು ನಿಲ್ಲಿಸಬಹುದು. ಗೋಡೆಗಾದರೆ ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿದ ಹಳೆಯ ಬಾಟಲಿಯನ್ನು ಹಿಡಿದು, ಬಿಟ್ಟಿನ ಮೇಲೆ ಸಣ್ಣಗೆ ಧಾರೆ ಬಿಡಲು ಇನ್ನೊಬ್ಬರು ಬೇಕು. ನನ್ನ ಅಕ್ಕನ ಮಗ ಮೊದಲ ದಿನ ಉತ್ಸಾಹದಿಂದ ನಿಂತ, ಎರಡನೆಯ ದಿನ ಅವನಿಗೆ ಪರೀಕ್ಷೆಯ ನೆನಪಾಯಿತು. ನೀರಿನಿಂದ ಇನ್ನೊಂದು ಲಾಭವಿದೆ: ಒಣಗಿದ್ದಾಗ ಕೊರೆದರೆ ಏಳುವ, ಶ್ವಾಸಕೋಶಕ್ಕೆ ಕೇಡು ಮಾಡುವ ಸಿಲಿಕಾ ಧೂಳು ಇಲ್ಲಿ ಬಿಳಿಯ ರಾಡಿಯಾಗಿ ಕೆಳಗಿಳಿದು ಹೋಗುತ್ತದೆ.

ನೀರು ಹರಿಯುವ ಕಡೆ ವೈರಿರುವ ಡ್ರಿಲ್ಲನ್ನು ಹಿಡಿದು ನಿಲ್ಲುವುದು ಮೂರ್ಖತನ. ಬ್ಯಾಟರಿಯ ಡ್ರಿಲ್ಲಿನಿಂದ ಈ ಕೆಲಸ ಚೆನ್ನಾಗಿಯೇ ಆಗುತ್ತದೆ, ಏಕೆಂದರೆ ಇದಕ್ಕೆ ಬೇಕಿರುವುದು ಶಕ್ತಿಯಲ್ಲ, ಹದವಾದ ವೇಗ. ಚಿಕ್ಕ ಬಿಟ್ಟಿಗೆ ನಿಮಿಷಕ್ಕೆ ಎಂಟುನೂರರಿಂದ ಸಾವಿರ ಸುತ್ತು, 12 ಮಿಲಿಮೀಟರಿನದಕ್ಕೆ ಅದಕ್ಕಿಂತ ಕಡಿಮೆ ಇಟ್ಟುಕೊಂಡೆ. ಒತ್ತುವ ಬಲ ಡ್ರಿಲ್ಲಿನ ತೂಕಕ್ಕಿಂತ ತುಸು ಹೆಚ್ಚಿದ್ದರೆ ಸಾಕು. ಕೊನೆಯ ಒಂದೆರಡು ಮಿಲಿಮೀಟರಿನಲ್ಲಿ ಅದನ್ನೂ ಸಡಿಲಿಸಬೇಕು.

ಗೋಡೆಯ ಸ್ಥಿತಿಯನ್ನು ಬಿಟ್‌ಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಟೈಲಿನ ಹಿಂದೆ ಪೂರ್ತಿ ಅಂಟು ಬಳಿಯದೆ ನಾಲ್ಕೈದು ಮುದ್ದೆ ಸಿಮೆಂಟ್ ಇಟ್ಟು ಒತ್ತಿಬಿಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದಾಗ ಡಬ್ಬಿಯ ಸದ್ದು ಬರುವ ಕಡೆ ಆಧಾರವಿಲ್ಲ, ಅಲ್ಲಿ ಯಾವ ಬಿಟ್ ಹಿಡಿದರೂ ಅಪಾಯವೇ. ನನ್ನ ಕನ್ನಡಿಯ ಜಾಗವನ್ನು ಈ ಕಾರಣಕ್ಕೆ ಮೂರಿಂಚು ಮೇಲೆ ಸರಿಸಬೇಕಾಯಿತು. ಟೈಲಿನ ಅಂಚಿಗೆ, ಅದರಲ್ಲೂ ಮೂಲೆಗೆ, ತೀರ ಹತ್ತಿರ ಹೋಗದಿರುವುದು ಒಳ್ಳೆಯದು. ನಲ್ಲಿ ಮತ್ತು ಸ್ವಿಚ್ಚುಗಳ ನೇರದಲ್ಲಿ ಮೇಲೆ ಕೆಳಗೆ ಪೈಪು, ವೈರುಗಳು ಓಡಿರುತ್ತವೆ ಎನ್ನುವುದೂ ನೆನಪಿರಲಿ.

ಬಿಟ್‌ಗಳ ಬಾಳಿಕೆ ನನ್ನ ಮುಖ್ಯ ತಕರಾರು. ಗೋಡೆಯ ಹದಿನಾಲ್ಕು ತೂತುಗಳಲ್ಲಿ ಎಂಟು 6 ಮಿಲಿಮೀಟರಿನವು, ನಾಲ್ಕು 8ರವು, ಗೀಸರಿಗೆಂದು ಎರಡು 12ರವು. ಪರೀಕ್ಷೆಯ ಮೂರೂ ಸೇರಿ ಹನ್ನೊಂದು ತೂತು ಕಂಡ 6ರ ಬಿಟ್ ಕೊನೆಯದನ್ನು ಮುಗಿಸಲು ಐದು ನಿಮಿಷಕ್ಕೂ ಹೆಚ್ಚು ಹೊತ್ತು ತೆಗೆದುಕೊಂಡಿತು. ಅದೀಗ ಕೆಲಸಕ್ಕೆ ಬಾರದು. ಇಟ್ಟಿಗೆಯ ಮೇಲೆ ಉಜ್ಜಿದರೆ ಹರಿತವಾಗುತ್ತದೆಂಬ ಸಲಹೆಯನ್ನೂ ಪಾಲಿಸಿದೆ. ಹರಳುಗಳ ನಡುವೆ ಮೆತ್ತಿಕೊಂಡಿದ್ದ ಪುಡಿ ಹೋಗಿ ಒಂದು ತೂತಿನ ಮಟ್ಟಿಗೆ ಚುರುಕಾಯಿತು, ಅಷ್ಟೆ; ಇಂಥ ಬಿಟ್ಟಿನಲ್ಲಿ ಹರಳುಗಳದ್ದು ಒಂದೇ ಪದರ, ಅದು ಸವೆದರೆ ಕೆಳಗೆ ಇನ್ನೊಂದಿಲ್ಲ. 8 ಮತ್ತು 12ರ ಬಿಟ್‌ಗಳು ಇನ್ನೂ ಚೆನ್ನಾಗಿವೆ. 10ರದು ಪೊಟ್ಟಣದಿಂದ ಹೊರಗೆ ಬಂದೇ ಇಲ್ಲ.

ಕೊರೆದ ತಿರುಳು ಕೊಳವೆಯೊಳಗೆ ಸಿಕ್ಕಿಕೊಳ್ಳುವುದು ಎರಡನೆಯ ತೊಂದರೆ. ದೊಡ್ಡ ಬಿಟ್‌ಗಳಿಗೆ ಪಕ್ಕದಲ್ಲಿ ಸೀಳುಗಂಡಿಯಿದ್ದು ಮೊಳೆಯಿಂದ ತಳ್ಳಿದರೆ ಟೈಲಿನ ಪುಟ್ಟ ಗುಂಡು ಹೊರಬೀಳುತ್ತದೆ. 6ರ ಬಿಟ್ಟಿಗೆ ಆ ಗಂಡಿಯೇ ಇಲ್ಲ. ತಿರುಳು ಒಳಗೇ ಉಳಿದರೆ ಮುಂದಿನ ತೂತಿಗೆ ನೀರು ಒಳಹೋಗುವುದಿಲ್ಲ, ಆದ್ದರಿಂದ ಪ್ರತಿ ಸಲ ದಬ್ಬಳದಿಂದ ಕೆದಕಿ ತೆಗೆಯಬೇಕು. ನಾಲ್ಕು ಬಿಟ್‌ಗಳಲ್ಲಿ ಹೆಚ್ಚು ಬಳಕೆಯಾಗುವುದಕ್ಕೇ ಈ ಕೊರತೆ ಇರುವುದು ತಯಾರಕರ ಅಜಾಗರೂಕತೆ ಎಂದೇ ನನ್ನ ಅಭಿಪ್ರಾಯ.

ಟೈಲ್ ದಾಟಿದ ಕೂಡಲೇ ಡೈಮಂಡ್ ಬಿಟ್ಟನ್ನು ಹೊರತೆಗೆಯಬೇಕು. ಇಟ್ಟಿಗೆ, ಕಾಂಕ್ರೀಟನ್ನು ಕೊರೆಯಲು ಗೋಡೆಯ ಬಿಟ್ಟೇ ಸರಿ. ಆದರೆ ಆ ಬಿಟ್ ಟೈಲಿನ ಅಂಚಿಗೆ ತಾಗಬಾರದು. ಹೀಗಾಗಿ ಗೋಡೆಗೆ 6ರ ತೂತು ಬೇಕಾದರೆ ಟೈಲಿಗೆ 8ರದು, ಗೋಡೆಗೆ 10ರದಾದರೆ ಟೈಲಿಗೆ 12ರದು ಎಂಬ ಲೆಕ್ಕ ಇಟ್ಟುಕೊಂಡೆ; ಕನ್ನಡಿಯಂಥ ಹಗುರ ವಸ್ತುಗಳಿಗೆ 5ಕ್ಕೆ 6 ಸಾಕಾಯಿತು. ಸ್ಕ್ರೂ ಹಿಡಿಯಲು ತೂತಿನೊಳಗೆ ಕೂರಿಸುವ ಪ್ಲಗ್ಗನ್ನು ಟೈಲಿನ ಮಟ್ಟಕ್ಕೆ ನಿಲ್ಲಿಸದೆ ಒಳಗಿನ ಗೋಡೆಯವರೆಗೂ ತಳ್ಳಬೇಕು. ಇಲ್ಲವಾದರೆ ಸ್ಕ್ರೂ ಬಿಗಿಯುವಾಗ ಪ್ಲಗ್ ಹಿಗ್ಗಿ, ಅಷ್ಟು ಜೋಪಾನವಾಗಿ ಕೊರೆದ ಟೈಲನ್ನು ಒಳಗಿನಿಂದಲೇ ಸೀಳುತ್ತದೆ.

ನಲ್ಲಿಯ ಪೈಪಿಗೆ ಬೇಕಾಗುವ ದೊಡ್ಡ ತೂತುಗಳಿಗೆ ಈ ಸೆಟ್ ನೆರವಾಗದು. ಅದಕ್ಕೆ ಗ್ರೈಂಡರಿಗೆ ಕೂರಿಸುವ ಡೈಮಂಡ್ ಕೋರ್ ಬಿಟ್‌ಗಳು ಸಿಗುತ್ತವೆ. ಆದರೆ ಅವುಗಳಲ್ಲಿ ಹಲವಕ್ಕೆ ಇರುವುದು ಎಂ14 ಅಳತೆಯ ತಿರುಪಿನ ಮರೆ (ಥ್ರೆಡ್); ನಮ್ಮಲ್ಲಿ ಹೆಚ್ಚಾಗಿರುವ ನಾಲ್ಕಿಂಚಿನ ಗ್ರೈಂಡರುಗಳದ್ದು ಎಂ10. ಅಡಾಪ್ಟರ್ ಸಿಗುವುದೇ ಎಂದು ವಿಚಾರಿಸದೆ ಕೊಂಡರೆ ಮರುದಿನ ಮತ್ತೆ ಎಸ್.ಪಿ. ರಸ್ತೆಯ ದಟ್ಟಣೆಯಲ್ಲಿ ನಿಲ್ಲಬೇಕಾಗುತ್ತದೆ.

ನಾಲ್ಕೈದು ತೂತುಗಳಷ್ಟೇ ಬೇಕಿರುವವರು ಸೆಟ್ಟಿನ ಬದಲು ಬೇಕಾದ ಅಳತೆಯ ವ್ಯಾಕ್ಯೂಮ್ ಬ್ರೇಜ್ಡ್ ಬಿಟ್ಟನ್ನು ಬಿಡಿಯಾಗಿ ಕೊಳ್ಳಲಿ. ಅದೇ ಅಂಗಡಿಯಲ್ಲಿ ಬಿಡಿ ಬಿಟ್ ಕೇಳಿದಾಗ ಮೊದಲು ಇಲ್ಲವೆಂದರು, ಎರಡನೆಯ ಸಲ ಕೇಳಿದ ಮೇಲೆ ಒಳಗಿನಿಂದ ತಂದುಕೊಟ್ಟರು. ಅಡುಗೆಮನೆಯ ಸ್ಟ್ಯಾಂಡಿಗಾಗಿ ನಾನು ಈಗ ತಂದಿರುವುದು ಒಂದೇ ಒಂದು 6ರ ಬಿಟ್ಟನ್ನು, 280 ರೂಪಾಯಿಗೆ. ಪಕ್ಕದಲ್ಲಿ ಸೀಳುಗಂಡಿ ಇದೆಯೇ ಎಂದು ಅಂಗಡಿಯಲ್ಲಿಯೇ ಪೊಟ್ಟಣ ಬಿಡಿಸಿ ನೋಡಿಕೊಂಡೆ.